ಹತ್ತೊಂಬತ್ತನೇ ಕಲಮು, ಮೂರನೇ ರೂಮು

೭ ಏಪ್ರಿಲ್ ೧೯೯೭, ಕೆ.ಆರ್.ಎಸ್.

ಡ್ಯಾಮಿನ ನೀರಿನ ಮಟ್ಟದ ರಿಪೋರ್ಟು ಮೂರು ಪ್ರತಿ ಟೈಪು ಮಾಡಿಟ್ಟು ಮಧ್ಯಾಹ್ನ ರಜೆ ಹಾಕಿದೆ. ಶ್ರೀರಂಗಪಟ್ಟಣಕ್ಕೆ ಹೋದೆ, ಕೋರ್ಟಿನ ಹೊರಗೇ ತೀರ್ಪು ಕೊಡುವ ಆರ್ಬಿಟ್ರೇಟರ ಹತ್ತಿರ. ಫೈಲು ವಾಪಸು ಕೊಟ್ಟರು! ಪಾಂಡವಪುರದ ಮನೆ ಕಟ್ಟುವ ಅಗ್ರಿಮೆಂಟಿನ ಹತ್ತೊಂಬತ್ತನೇ ಕಲಮು ಓದಿಲ್ಲವಾ ಅಂದರು. ಮೊದಲು ಮನೆ ಕಟ್ಟಿದವನೂ ನಾನೂ ಒಬ್ಬ ಹಿರಿಯರ ಮುಂದೆ ಕೂತು ಮಾತಾಡಬೇಕಂತೆ. ಮಾತು ಮುರಿಯಿತು ಅಂತ ಆ ಹಿರಿಯರು ಬರೆದುಕೊಟ್ಟರೆ ಮಾತ್ರ ಇವರು ಕೇಸು ಮುಟ್ಟುವುದು.

ಮಾತಾಡುವುದಂತೆ! ಆ ಮನುಷ್ಯನ ಜೊತೆ ಮಾತು ಬಿಟ್ಟು ಎಂಟು ತಿಂಗಳು. ಮೂರು ರೂಮು ಅಂತ ಸಹಿ ಹಾಕಿಸಿಕೊಂಡ, ಎರಡು ಕಟ್ಟಿದ. ಕೇಳಿದ್ದಕ್ಕೆ ಗಾರೆಯವರ ಎದುರಿಗೇ, "ಗಂಡ ಇಲ್ದೋರ್ಗೆ ಮೂರು ರೂಮ್ಯಾಕೆ" ಅಂದ. ಅವತ್ತೇ ಕೊನೆ. ಈ ಡೈರಿಯಲ್ಲೂ ಅವನ ಹೆಸರು ಬರೆದಿಲ್ಲ. ಬರೆಯುವುದೂ ಇಲ್ಲ.

೧೦ ಏಪ್ರಿಲ್

ಅತ್ತೆ ಮಂಚಮ್ಮ ಈ ಕ್ವಾರ್ಟರ್ಸಿನ ಅಡಿಗೆಮನೆಯಲ್ಲೇ ಮಲಗುತ್ತಾರೆ. ಹನ್ನೊಂದು ವರ್ಷವಾಯಿತು. ಹೊಸ ಮನೆಯ ಮೂರನೇ ರೂಮು ಅವರಿಗೆ ಅಂತಲೇ. ಜೂನ್ ಮೂವತ್ತಕ್ಕೆ ನನ್ನ ನಿವೃತ್ತಿ, ಈ ಕ್ವಾರ್ಟರ್ಸು ಖಾಲಿ ಮಾಡಬೇಕು. "ನಂಗೇನವ್ವ, ಒಲೆ ಪಕ್ಕ ಬೆಚ್ಚಗದೆ" ಅಂತಾರೆ. ಅದಕ್ಕೇ ನನಗೆ ಹೊಟ್ಟೆ ಉರಿಯುವುದು.

೨೦ ಏಪ್ರಿಲ್, ಭಾನುವಾರ

ಪಾಂಡವಪುರ. ಚೌಡಯ್ಯ ಮೇಷ್ಟ್ರ ಮನೆ ಜಗಲಿ. ನಮ್ಮಿಬ್ಬರಿಗೂ ಬೇಕಾದ ಹಿರಿಯರು. ಆ ಮನುಷ್ಯ ವಕೀಲನ ಜೊತೆ ಬಂದ. ನಾನು ಕಂಬಕ್ಕೆ ಮುಖ ಮಾಡಿ ಕೂತೆ.

"ಕಂಬವೇ, ಪ್ಲಾನು ನೋಡ್ಕೊಳಕ್ಕೇಳು ಅವ್ರಿಗೆ" ಅಂದೆ.

ಅವನೂ ಬಿಡಲಿಲ್ಲ. "ಕಂಬವೇ, ಸಿಮೆಂಟು ರೇಟು ಏರ್ಬುಡ್ತು ಅಂತೇಳು."

ಒಂದು ಗಂಟೆ ಹೀಗೇ. ಮೇಷ್ಟ್ರು ಟವಲಿನಲ್ಲಿ ಮುಖ ಮುಚ್ಚಿಕೊಂಡರು — ನಗುತ್ತಿದ್ದರು, ಗೊತ್ತಿಲ್ಲವಾ ನನಗೆ.

ಕೊನೆಗೆ ವಕೀಲ ಎದ್ದ. "ಇದನ್ನ ಮಾತುಕತೆ ಅಂತ ಒಪ್ಪಲ್ಲ ಸಾರ್. ಮೇಡಮ್ಮು ಮಾತಾಡಿದ್ದು ಕಂಬದ ಜೊತೆ."

ಮೇಷ್ಟ್ರು ಅದೇ ಸರಿ ಅಂದರು. "ಮುರೀಬೇಕು ಅಂದ್ರೂ ಮೊದ್ಲು ಮಾತಾಡ್ಬೇಕು ಕಣವ್ವ."

ಥೂ! ಬಸ್ಸಿನಲ್ಲಿ ಅಳು ಬಂತು.

೪ ಮೇ, ಭಾನುವಾರ

ಮತ್ತೆ ಹೋದೆ. ಬಾಯಿಪಾಠ ಮಾಡಿಕೊಂಡಿದ್ದೆ: ನಿನ್ನ ಮೇಲೆ ನಂಬಿಕೆ ಇಲ್ಲ, ಮುರಿಯಿತು. ಇಷ್ಟು ಅಂದರೆ ಕಾಗದ ಸಿಗುತ್ತದೆ. ಕಂಬ ಬಿಟ್ಟು ತಿರುಗಿದೆ. ಮುಖ ನೋಡಿದೆ. ಕೂದಲು ನೆರೆತಿದೆ... ಬಾಯಿಂದ ಬಂದದ್ದೇ ಬೇರೆ.

"ನಮ್ಮತ್ತೆ ಎಲ್ಲಿ ಮಲಗ್ಬೇಕ್ಲಾ?"

ಅವನು ಮುಂದಕ್ಕೆ ಸರಿದು ಕೂತ. "ಮಂಚಮ್ಮಂಗಾ ಆ ರೂಮು? ನೀನು ಏಳ್ಲೇ ಇಲ್ವಲ್ಲ ಮಾಯಕ್ಕ."

"ಯಾರಿಗಾದ್ರೇನು? ಬರ್ಕೊಟ್ಟಿದ್ದು ಮೂರು."

"ಊಂ ಕಣಕ್ಕ. ಅವತ್ತು ಅಂದಿದ್ದೂ ತಪ್ಪೇ. ಒಂದು ತಿಂಗ್ಳು ಕೊಡು, ಕಟ್ಬುಡ್ತೀನಿ."

ವಕೀಲ ಅವನ ತೋಳು ಜಗ್ಗಿದ. ಬಿಡಿಸಿಕೊಂಡ.

ಮೇಷ್ಟ್ರು ಪೆನ್ನು ಹಿಡಿದು ಕೇಳಿದರು, ಏನು ಬರೆಯಲಿ, ಮುರಿಯಿತು ಅಂತಲಾ? ಈಗಲೇ ಬೇಡ ಅಂದೆ. ಮೋಸ ಹೋದೆನೋ ಏನೋ.

೪ ಜೂನ್, ಬೆಳಿಗ್ಗೆ ೯, ಪಾಂಡವಪುರ

ರಜೆ ಹಾಕಿ ಅತ್ತೆಯನ್ನು ಕರೆದುಕೊಂಡು ಬಂದೆ. ರೂಮು ಎದ್ದಿದೆ. ತಾರಸಿಯೂ ಹಾಕಿ ಆಗಿದೆ. ಬಾಗಿಲು ಮಾತ್ರ ಇಲ್ಲ. ಅತ್ತೆ ಚಾಪೆ ಹಾಸಿಕೊಂಡು ನಡುಮಧ್ಯೆ ಕೂತುಬಿಟ್ಟರು. ಹಸಿ ಗೋಡೆ ಸವರಿ ನೋಡುತ್ತಾರೆ. "ತಣ್ಣಗದೆ ಕಣವ್ವ" ಅಂದರು. ನನ್ನ ಕಣ್ಣಲ್ಲಿ ನೀರು.

ಬಾಗಿಲು ಯಾವಾಗ ಅಂತ ಕೇಳಬೇಕು. ಮೇಷ್ಟ್ರ ಕಾಗದ ಇನ್ನೂ ಖಾಲಿಯೇ ಇದೆ. ಕಂಬಕ್ಕೆ ಹೇಳೋಣ ಅಂದರೆ ಈ ಮನೆಯಲ್ಲಿ ಕಂಬವಿಲ್ಲ. ಆ ಮನುಷ್ಯ ಹೊರಗೆ ಮರಳು ಜರಡಿ ಹಿಡಿಯುತ್ತಾ ನಿಂತಿದ್ದಾನೆ. ಇಲ್ಲಿಂದಲೇ ಕೂಗಿದರೆ ಕೇಳಿಸುತ್ತದೆ. ಲೇ ಕೆಂಪಣ್ಣ —