ಪಿಸ್ತೂಲಿಗೆ ಕಟ್ಟಿದ ಹಳದಿ ದಾರ

ಕುರುಗೋಡು
೨೭ ಅಕ್ಟೋಬರ್ ೨೦೨೪, ಭಾನುವಾರ

ಪ್ರೀತಿಯ ಹಂಪೇಶಣ್ಣಾ,

ನಿನ್ನ ತಂಗಿ ಗಂಗೋತ್ರಿಯ ಶರಣು. ಹೇಗಿದ್ದೀಯ? ಹತ್ತಿ ಮಿಲ್ಲಿನ ದೂಳಿಗೆ ಹತ್ತಿದ ಕೆಮ್ಮು ಇನ್ನೂ ಬಿಟ್ಟಿಲ್ಲವೆಂದು ಅಂಜನಾ ಅತ್ತಿಗೆ ಅವ್ವನಿಗೆ ಫೋನಿನಲ್ಲಿ ಹೇಳುತ್ತಿದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು ಎಂದರೆ ಕೇಳುವವನಲ್ಲ ನೀನು. ಹಟ ನಮ್ಮ ಮನೆತನದ ಆಸ್ತಿ, ಪಾಲಾಗದೆ ಎಲ್ಲರಿಗೂ ಪೂರ್ತಿ ಬಂದಿದೆ. ರಾತ್ರಿ ಮಲಗುವಾಗ ಬಿಸಿನೀರಿಗೆ ಅರಿಷಿಣ ಹಾಕಿ ಕುಡಿ. ಅವ್ವ ಗಟ್ಟಿಯಾಗಿದ್ದಾಳೆ. ಮೊಣಕಾಲು ಸೋತಿದೆ, ಬಾಯಿ ಸೋತಿಲ್ಲ. ನಾನು ದಿನಾ ಬಸ್ಸಿನಲ್ಲಿ ಸಿರುಗುಪ್ಪದ ಹೈಸ್ಕೂಲಿಗೆ ಹೋಗಿ ಮಕ್ಕಳಿಗೆ ವಿಜ್ಞಾನ ಹೇಳಿ, ಅರ್ಧ ಗಂಟಲು ಅಲ್ಲೇ ಬಿಟ್ಟು ಬರುತ್ತೇನೆ. ಉಳಿದ ಅರ್ಧದಲ್ಲಿ ಅವ್ವನ ಜೊತೆ ಜಗಳ.

ಫೋನ್ ಇರುವ ಕಾಲದಲ್ಲಿ ಕಾಗದ ಏಕೆ ಎನ್ನಬೇಡ. ಫೋನಿನಲ್ಲಿ ನಾನು 'ಅಪ್ಪ' ಎಂದ ಕೂಡಲೇ ನಿನ್ನ ಕಡೆ ಸಿಗ್ನಲ್ ಹೋಗುತ್ತದೆ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಹರಿಯುವುದಿದ್ದರೆ ಪೂರ್ತಿ ಓದಿ ಹರಿ, ಅಷ್ಟೇ ನನ್ನ ಬೇಡಿಕೆ. ನಿನಗೆ ಹೇಳಲೇಬೇಕಾದ ಒಂದು ಮಾತಿದೆ. ಅದಕ್ಕೆ ಇನ್ನೂ ಕೈ ಬರುತ್ತಿಲ್ಲ. ಮೊದಲು ಸುದ್ದಿ ಬರೆಯುತ್ತೇನೆ.

ಅಪ್ಪನ ಪಿಸ್ತೂಲು ಮನೆಗೆ ಬಂತು. ಲೈಸೆನ್ಸು ಈಗ ನನ್ನ ಹೆಸರಿನಲ್ಲಿದೆ. ಅಪ್ಪ ತೀರಿದ ಮೇಲೆ ಅದು ಠಾಣೆಯಲ್ಲಿ ಜಮೆಯಾಗಿತ್ತಲ್ಲ, ವಾರಸುದಾರರು ಯಾರೂ ಕೇಳದಿದ್ದರೆ ಒಡೆದು ಹಾಕುತ್ತಾರೆ ಎಂದರು. ನಾನು ಅರ್ಜಿ ಕೊಟ್ಟೆ. ಒಪ್ಪಿಗೆಪತ್ರಕ್ಕೆ ನಿನ್ನ ಸಹಿ ಬೇಕೆಂದು ಕಳಿಸಿದಾಗ ಮರುಟಪಾಲಿಗೇ ಸಹಿ ಮಾಡಿ ಕಳಿಸಿದೆ, ಒಳ್ಳೆಯದು. ಆದರೆ ಸಹಿಯ ಹಿಂದೆ ಮುಂದೆ ಒಂದಕ್ಷರ ಇರಲಿಲ್ಲ. ಆ ಕವರನ್ನು ನಾನು ಮೂರು ಸಲ ಕೊಡವಿದೆ. ಲೈಸೆನ್ಸು ಕೊಡುವ ಡಿ.ಸಿ. ಸಾಹೇಬರ ಕಚೇರಿಯಲ್ಲಿ, ಟೀಚರಮ್ಮನಿಗೆ ಪಿಸ್ತೂಲು ಯಾಕೆ ಎಂದು ಗುಮಾಸ್ತ ನಕ್ಕ. ಅದು ನಮ್ಮ ಮುತ್ತಜ್ಜನಿಗೆ ಒಬ್ಬ ದೊರೆ ಕೊಟ್ಟದ್ದು ಎಂದೆ. ಯಾವ ದೊರೆ ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ, ನಮ್ಮ ಮನೆಯ ಪ್ರತಿ ಮದುವೆಯಲ್ಲೂ ಆ ದೊರೆಗೆ ಒಂದೊಂದು ಬಡ್ತಿ ಸಿಗುತ್ತದೆ.

ನಿನಗೆ ಗೊತ್ತಿರುವುದನ್ನೇ ಈಗ ಬರೆಯುತ್ತೇನೆ, ಬೇಸರಿಸಬೇಡ. ನನ್ನ ನೆನಪೂ ನಿನ್ನ ನೆನಪೂ ಒಂದೇ ಹೌದೋ ಅಲ್ಲವೋ ನೋಡಬೇಕಾಗಿದೆ. ಕಾಲುವೆ ಪಕ್ಕದ ಗದ್ದೆಗೆ ಹಂದಿ ಬೀಳುವ ದಿನಗಳಲ್ಲಿ ಅಪ್ಪ ಸಂಜೆಯೇ ಪಿಸ್ತೂಲಿನ ಬಾಯಿಂದ ಮದ್ದು ಸುರಿದು, ಬಟ್ಟೆಯ ಉಂಡೆ ಗಿಡಿದು, ಪಡಸಾಲೆಯ ಗೂಡಿನಲ್ಲಿ ಇಡುತ್ತಿದ್ದ. ಗುಂಡು ಹಾಕುತ್ತಿರಲಿಲ್ಲ, ಸದ್ದಿಗೇ ಹಂದಿ ಓಡುತ್ತಿದ್ದವು. ಬೆಳಗ್ಗೆ ಹಿಂಬದಿಯ ಮೊಳೆಗೆ ತಾಮ್ರದ ಟೋಪಿಯೊಂದನ್ನು ಸಿಕ್ಕಿಸಿ, ಅದನ್ನು ಬಡಿಯುವ ಕುದುರೆಯನ್ನು ಎಳೆದು ಬಿಟ್ಟರೆ ಸಿಡಿಯುತ್ತಿತ್ತು. ಒಳಗೆ ಮದ್ದು ಇದೆಯೋ ಇಲ್ಲವೋ ಹೊರಗಿಂದ ಕಾಣುವುದಿಲ್ಲವಲ್ಲ, ಅದಕ್ಕೇ ಮದ್ದು ತುಂಬಿದ ದಿನ ಅರಿಷಿಣದ ದಾರವನ್ನು ಕುದುರೆಯ ಕುತ್ತಿಗೆಗೆ ಕಟ್ಟುತ್ತಿದ್ದ. ದಾರ ಇದ್ದರೆ ಹೊಟ್ಟೆ ತುಂಬಿದೆ, ಇಲ್ಲದಿದ್ದರೆ ಖಾಲಿ. ಅದು ಮುತ್ತಜ್ಜನ ಕಾಲದ ರೂಢಿ. ಅಪ್ಪ ಎಡಚ, ಅವನ ಗಂಟು ತಿರುಗಾಮುರುಗಾ. ನೆಲ್ಲಿನ ಸಿವುಡು ಬಿಗಿಯುವಾಗ ಇಡೀ ಕಣದಲ್ಲಿ ಅಪ್ಪ ಕಟ್ಟಿದ್ದು ಯಾವುದೆಂದು ನೀನು ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತಿದ್ದೆ.

ಅವತ್ತು ಬೆಳಕು ಹರಿಯುವಾಗ ನೀನು ಗೂಡಿಗೆ ಕೈ ಹಾಕಿದೆ. ದಾರ ಇರಲಿಲ್ಲ. ಖಾಲಿ ಎಂದುಕೊಂಡು ಮದ್ದು ತುಂಬಿದೆ. ಗದ್ದೆಯ ಬದುವಿನ ಮೇಲೆ ಅಪ್ಪನ ಕೈಗೆ ಕೊಟ್ಟೆ. ಎರಡು ಸಲದ ಮದ್ದು ಒಟ್ಟಿಗೆ ಸಿಡಿದು, ಟೋಪಿ ಕೂರುವ ಮೊಳೆ ಹಿಂದಕ್ಕೆ ಹಾರಿ ಅಪ್ಪನ ಬಲಗಣ್ಣು ಹೋಯಿತು. ನಿನಗೆ ಹತ್ತೊಂಬತ್ತು, ನನಗೆ ಏಳು. ಬಳ್ಳಾರಿಯ ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ ಅಪ್ಪ, “ದಾರ ನಾ ಕಟ್ಟೀನಿ, ಬಸವಣ್ಣನ ಆಣಿ” ಎಂದ. ನೀನು ಕಾಲ ಬಳಿ ನಿಂತು, “ದಾರ ಇರ್ಲಿಲ್ಲಪ್ಪ, ಅವ್ವನ ಆಣಿ” ಎಂದೆ. ಅವನ ಪಾಲಿಗೆ ನೀನು ಸುಳ್ಳ, ನಿನ್ನ ಪಾಲಿಗೆ ಅವನು ಸುಳ್ಳ. ಒಂದೇ ತಿಂಗಳಿಗೆ ನೀನು ಆದೋನಿಯ ಬಸ್ಸು ಹತ್ತಿದೆ. ಆದೋನಿ ಏನು ದೂರ? ಆದರೂ ಇಪ್ಪತ್ತಾರು ವರ್ಷ ಆಯಿತು. ಅಪ್ಪನ ಮಣ್ಣಿಗೆ ಬಂದೆ, ಮೂರು ಹಿಡಿ ಹಾಕಿದೆ, ಮನೆಯ ಹೊಸ್ತಿಲು ತುಳಿಯದೆ ಹಾಗೇ ಹೊರಟುಹೋದೆ. ಅವ್ವ ನಿನಗೆಂದು ಮುಚ್ಚಿಟ್ಟ ರೊಟ್ಟಿಯನ್ನು ಮರುದಿನ ಹಸುವಿಗೆ ಹಾಕಿದಳು.

ನೀನು ಹೋದ ಮೇಲೆ ಅಪ್ಪ ಪಿಸ್ತೂಲು ಮುಟ್ಟಲಿಲ್ಲ. ಆದರೆ ಲೈಸೆನ್ಸನ್ನು ಒಮ್ಮೆಯೂ ತಪ್ಪಿಸದೆ ಹೊಸದು ಮಾಡಿಸಿದ, ಮೊಳೆಯನ್ನೂ ಹಾಕಿಸಿದ. ಮತ್ತೆ ಇದು ನಿನಗೆ ಗೊತ್ತಿಲ್ಲ: ಅವನು ಕಂಡಕಂಡದ್ದಕ್ಕೆ ದಾರ ಕಟ್ಟಲು ಶುರುಮಾಡಿದ. ಪಂಪ್‌ಸೆಟ್ ಆರಿಸಿ ಬಂದರೆ ಸ್ಟಾರ್ಟರಿಗೆ ಒಂದು ದಾರ, ಗುಳಿಗೆ ನುಂಗಿದರೆ ಡಬ್ಬಿಗೆ ಒಂದು ದಾರ. ಊರವರು ಕೊಟ್ಟೂರಪ್ಪನಿಗೆ ಮರೆವು ಎಂದು ನಗುತ್ತಿದ್ದರು. ಮರೆವಲ್ಲಣ್ಣಾ, ಪರೀಕ್ಷೆ. ತಾನು ಮರೆಯುವ ಮನುಷ್ಯ ಹೌದೋ ಅಲ್ಲವೋ ಎಂದು ದಿನಾ ತನ್ನನ್ನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದ. ಕೊನೆಯ ವರ್ಷ ಒಂದು ಮಧ್ಯಾಹ್ನ ನನ್ನನ್ನು ಕರೆದು, “ನಾನಾ ಮರ್ತಿರಬೇಕು ಗಂಗಾ. ಹಂಪೇಶ ಸುಳ್ಳಾಡೋ ಮಗ ಅಲ್ಲ” ಎಂದ. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಇನ್ನು ನನ್ನ ಪ್ರತಾಪ ಕೇಳು. ಬಳ್ಳಾರಿಯ ಪಾರ್ವತಿನಗರದಲ್ಲಿ ಪಂಪಣ್ಣ ಎಂಬ ಹಿರಿಯರಿದ್ದಾರೆ, ಪೊಲೀಸರ ಬಂದೂಕು ರಿಪೇರಿ ಮಾಡಿ ನಿವೃತ್ತರಾದವರು. ಲೈಸೆನ್ಸಿಗೆ ತರಬೇತಿಯ ಚೀಟಿ ಬೇಕಿತ್ತು, ಅವರೇ ಕಲಿಸಿದರು. ಠಾಣೆಯಿಂದ ಬಿಡಿಸಿ ತಂದ ಪಿಸ್ತೂಲನ್ನು ಮೊದಲ ಸಲ ಕೈಗೆ ತೆಗೆದುಕೊಂಡಾಗ ಅವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಮದ್ದು ಗಿಡಿಯುವ ಕೋಲನ್ನು, ಅದಕ್ಕೆ ಅವರು ಗಜ ಎನ್ನುತ್ತಾರೆ, ನಳಿಗೆಯೊಳಗೆ ಇಳಿಬಿಟ್ಟು ಅದರ ಮೇಲೆ ಚಾಕುವಿನಿಂದ ಒಂದು ಗೀರು ಹಾಕಿದರು. ಗಜ ಆ ಗೀರಿನ ತನಕ ಇಳಿದರೆ ಖಾಲಿ, ಇಳಿಯದಿದ್ದರೆ ಒಳಗೆ ಮದ್ದಿದೆ. ಇಷ್ಟೇ. ನಾನು ನಮ್ಮ ಮನೆಯ ದಾರದ ರೂಢಿ ಹೇಳಿದೆ. “ದಾರ ನಂಬಬ್ಯಾಡ್ರಿ ಟೀಚರಮ್ಮಾ, ಗಜ ನಂಬ್ರಿ. ದಾರ ಅಂದ್ರ ಜಾರತೈತಿ, ಬೀಳತೈತಿ, ಯಾರರ ತಗೊಂಡೂ ಹೋಗಬೌದು” ಎಂದರು. ನಾನು ಗಜದ ಮೇಲಿನ ಗೀರನ್ನು ಉಗುರಿನಿಂದ ಕೆರೆಯುತ್ತ ಕೂತೆ.

ಹೋದ ಭಾನುವಾರ ಊರಾಚೆಯ ಗುರಿ ಅಭ್ಯಾಸದ ಬಯಲಿಗೆ ಕರೆದುಕೊಂಡು ಹೋದರು. ಗುಂಡು ನಾನೇ ಎರೆದದ್ದು. ಅಜ್ಜನ ಕಾಲದ ಅಚ್ಚಿಗೆ ಕರಗಿದ ಸೀಸ ಸುರಿದು ತೆರೆದರೆ, ಪಡ್ಡಿನ ಹಂಚಿನಿಂದ ಎದ್ದ ಪಡ್ಡಿನ ಹಾಗೆ ದುಂಡಗೆ ಹೊಳೆಯುತ್ತ ಬಿತ್ತು. ಗುಂಡಿಗೆ ಸುತ್ತುವ ಬಟ್ಟೆ ಅಪ್ಪನ ಹಳೆ ಪಂಚೆಯದು. ಗಜ ಇಳಿಸಿ ಗೀರು ನೋಡಿದೆ. ಮದ್ದಿನ ಕೊಂಬಿನಿಂದ ಅಳೆದು ಸುರಿದೆ. ಗುಂಡು ದಬ್ಬಿದೆ. ಟೋಪಿ ಸಿಕ್ಕಿಸಿದೆ. ಒಂದು ಗುಂಡಿಗೆ ಇಷ್ಟು ಕೆಲಸ, ಸಿಟ್ಟಿನ ಮನುಷ್ಯನಾದರೆ ಅಷ್ಟರಲ್ಲಿ ಸಿಟ್ಟೇ ಇಳಿದುಹೋಗುತ್ತದೆ. ಆಮೇಲೆ ಕೈ ಚಾಚಿ, ಉಸಿರು ಹಿಡಿದು, ಕುದುರೆ ಬಿಟ್ಟೆ.

ಹತ್ತು ವರ್ಷದಿಂದ ಬೋರ್ಡಿನ ಮೇಲೆ ಮದ್ದು ಎಂದರೆ ಇದ್ದಿಲು, ಗಂಧಕ, ಪೆಟ್ಲುಪ್ಪು ಎಂದು ಬರೆದು ಮಕ್ಕಳಿಗೆ ಕಂಠಪಾಠ ಮಾಡಿಸಿದವಳು ನಾನು. ಅದೆಲ್ಲ ಏನೂ ಅಲ್ಲಣ್ಣಾ. ಮೊದಲು ಟೋಪಿ ಚಟ್ ಎಂದಿತು. ಎದೆ ಒಂದು ಸಲ ಬಡಿದುಕೊಳ್ಳುವಷ್ಟೂ ಹೊತ್ತಿಲ್ಲ, ಆ ಸಣ್ಣ ತೆರಪಿನಲ್ಲಿ ನನಗೆ ನೀನೂ ಅಪ್ಪನೂ ಬದುವಿನ ಮೇಲೆ ನಿಂತದ್ದು ಕಂಡಿತು. ಆಮೇಲೆ ಆ ಸದ್ದು! ಕಿವಿಗೆ ಹತ್ತಿ ತುರುಕಿಕೊಂಡಿದ್ದೆ, ಆದರೂ ಅಂಗಾಲಿನಿಂದ ಏರಿ ಬಂತು. ಗೇಣುದ್ದ ಬೆಂಕಿ, ಕೈ ತಾನೇ ಮೇಲಕ್ಕೆದ್ದಿತು, ಎದುರಿನ ಗುಡ್ಡ ತಿರುಗಿ ಕೂಗಿತು. ನಾನು ಎಷ್ಟು ಸಣ್ಣವಳು ಎಂದು ಆ ಗಳಿಗೆಯಲ್ಲಿ ಗೊತ್ತಾಯಿತು. ಹೆದರಿಕೆಯಲ್ಲ ಅದು. ಗುಡಿಯಲ್ಲಿ ದೊಡ್ಡ ಬಸವಣ್ಣನ ಎದುರು ಮೊದಲ ಸಲ ಅಪ್ಪ ನನ್ನನ್ನು ಎತ್ತಿ ನಿಲ್ಲಿಸಿದಾಗ ಬಾಯಿ ತೆರೆದುಕೊಂಡು ನಿಂತಿದ್ದೆನಂತೆ, ಈಗಲೂ ಹಾಗೇ ನಿಂತಿದ್ದೆ.

ಆಮೇಲೆ ಹೊಗೆ. ಬೆಳ್ಳಗೆ, ದಪ್ಪಗೆ, ನನ್ನನ್ನೂ ಪಂಪಣ್ಣನವರನ್ನೂ ಮುಚ್ಚಿಬಿಟ್ಟಿತು. ಗುರಿಯ ಹಲಗೆ ಕಾಣದು, ಗುಂಡು ಎಲ್ಲಿ ಹೋಯಿತೋ ತಿಳಿಯದು. “ನಿಲ್ಲರಿ, ಹೊಗಿ ತಾನಾ ಸರಿಲಿ. ಅವಸ್ರ ಮಾಡಿದ್ರ ಏನೂ ಕಾಣಂಗಿಲ್ಲ” ಎಂದರು. ಗಾಳಿ ಇರಲಿಲ್ಲ. ಹೊಗೆ ಸರಿಯಲು ಬಹಳ ಹೊತ್ತು ಹಿಡಿಯಿತು. ಸರಿದ ಮೇಲೆ ನೋಡಿದರೆ ಹಲಗೆಯ ಎಡಮೂಲೆಯಲ್ಲಿ ಹೆಬ್ಬೆರಳಿನಗಲದ ತೂತು. ನಾನು ಅಳುತ್ತಿದ್ದೆ. ಹೊಗೆಗೆ ಕಣ್ಣು ಉರಿಯತಾವು ಎಂದು ಪಂಪಣ್ಣ ತಾವೇ ಕಾರಣ ಕೊಟ್ಟು ಬೇರೆ ಕಡೆ ತಿರುಗಿಕೊಂಡರು.

ಮನೆಗೆ ತಂದು ತೊಳೆಯಬೇಕು. ಮದ್ದಿನ ಮಸಿ ಒಂದು ರಾತ್ರಿ ನಿಂತರೂ ಕಬ್ಬಿಣ ತಿನ್ನುತ್ತದೆ, ಕುದಿಯುವ ನೀರೇ ಆಗಬೇಕು. ಅದನ್ನು ಮನೆಯೊಳಗೆ ತರಬೇಡ ಎಂದು ವರ್ಷದಿಂದ ಜಗಳವಾಡಿದ ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ತಾನೇ ಒಲೆಯ ಮೇಲಿನ ತಪ್ಪಲೆ ಇಳಿಸಿಕೊಂಡು, ಕುಂಟುತ್ತ ಬಂದು, ನಳಿಗೆಗೆ ಸಣ್ಣಗೆ ನೀರು ಹೊಯ್ದಳು. ಕಪ್ಪು ನೀರು ಇಳಿಯಿತು, ಕೊಳೆತ ತತ್ತಿಯ ವಾಸನೆ. ಮೂರು ಸಲ ಹೊಯ್ದ ಮೇಲೆ ತಿಳಿಯಾಯಿತು. ಸೆರಗಿನಿಂದ ಒರೆಸುತ್ತ, “ಇದರದೇನು ತಪ್ಪೈತಿ ಪಾಪ, ತುಂಬಿದ್ದು ಹೊರಗ ಹಾಕತೈತಿ” ಎಂದಳು. ನಾನು ಆ ರಾತ್ರಿ ಊಟ ಮಾಡಲಿಲ್ಲ. ಅವತ್ತಿನಿಂದ ಈ ಕಾಗದ ಬರೆಯುತ್ತಿದ್ದೇನೆ, ಇದು ಐದನೆಯ ಪ್ರತಿ.

ಮುಂದಿನ ವಾರ ದೀಪಾವಳಿ. ಅಪ್ಪನ ಸಮಾಧಿಗೆ ದೀಪ ಇಡಲು ನಾನೂ ಅವ್ವನೂ ಹೋಗುತ್ತೇವೆ. ಅತ್ತಿಗೆಯನ್ನು ಕರೆದುಕೊಂಡು ಬಾ ಎಂದು ಅವ್ವನ ಅಪ್ಪಣೆ. ಕೆಮ್ಮಿಗೆ ಹುರುಳಿ ಕಟ್ಟಿನ ಸಾರು ಮಾಡುತ್ತಾಳಂತೆ. ಅತ್ತಿಗೆಗೆ ನನ್ನ ನಮಸ್ಕಾರ. ವೀರಭದ್ರಮ್ಮನವರ, ಅಂದರೆ ನಮ್ಮ ತಾಯಿ ಸಾಹೇಬರ, ಆಶೀರ್ವಾದ ನಿಮ್ಮಿಬ್ಬರ ತಲೆಯ ಮೇಲಿದೆ.

ಇಂತಿ ನಿನ್ನ ಬೆನ್ನೇರಿ ಕಾಲುವೆ ದಾಟಿದ ತಂಗಿ,
ಗಂಗೋತ್ರಿ

ತಾ.ಕ.: ಕವರಿಗೆ ಅಂಟು ಹಚ್ಚುವ ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಆರನೆಯ ಪ್ರತಿಯಲ್ಲೂ ಬರೆಯಲಾರೆ. ಅಪ್ಪ ದಾರ ಕಟ್ಟಿದ್ದ. ನೀನು ನೋಡಿದಾಗ ದಾರ ಇರಲಿಲ್ಲ. ಇಬ್ಬರೂ ಖರೇ ಹೇಳಿದಿರಿ. ಸಾಲಿಯಲ್ಲಿ ನನ್ನ ಕ್ಲಾಸಿನ ಜ್ಯೋತಿ ಕೈಗೆ ಹಳದಿ ದಾರ ಕಟ್ಟಿಕೊಂಡು ಬಂದಿದ್ದಳು, ನನಗೂ ಬೇಕಾಗಿತ್ತು. ಆ ಸಂಜೆ ಅಪ್ಪ ಮದ್ದು ತುಂಬಿಟ್ಟು ಕೈಕಾಲು ತೊಳೆಯಲು ಹೋದಾಗ, ನೆಲ್ಲಿನ ಚೀಲವೇರಿ ಗೂಡಿನ ಪಿಸ್ತೂಲಿನಿಂದ ಆ ದಾರ ತೆಗೆದುಕೊಂಡೆ. ಆಸ್ಪತ್ರೆಯಲ್ಲಿ ನೀವಿಬ್ಬರೂ ಆಣೆ ಮಾಡುವಾಗ ಅದು ನನ್ನ ಲಂಗದ ಗಂಟಿನಲ್ಲಿತ್ತು. ಏಳು ವರ್ಷದವಳಿಗೆ ಹೆದರಿಕೆ ಎನ್ನಬಹುದು, ಮೂವತ್ತರ ಮೇಲೆ ಅಪ್ಪನ ಎದುರಿನಿಂದ ತಟ್ಟೆ ಎತ್ತಿಕೊಂಡು ಹೋದವಳಿಗೆ ಏನೆನ್ನುವುದು? ಅವ್ವನಿಗೂ ಇನ್ನೂ ಹೇಳಿಲ್ಲ, ನಿನಗೇ ಮೊದಲು. ದಾರವನ್ನು ಇದೇ ಕವರಿನಲ್ಲಿ ಇಟ್ಟಿದ್ದೇನೆ. ಬಿಚ್ಚಿರಲಿಲ್ಲ ಅಣ್ಣಾ, ಕುದುರೆಯ ಕುತ್ತಿಗೆಯಿಂದ ಹಾಗೇ ಜಾರಿಸಿಕೊಂಡಿದ್ದೆ. ಕಣ್ಣು ಮುಚ್ಚಿ ಮುಟ್ಟಿ ನೋಡು, ಅಪ್ಪ ಹಾಕಿದ ಗಂಟು ಇನ್ನೂ ಹಾಗೇ ಇದೆ.