ಜಾರುಬಂಡೆಯ ಪುಟ

ಗುಬ್ಬೀ,

ಕ್ಷೇಮ, ಕುಶಲ ಎಂದೆಲ್ಲ ಶುರುಮಾಡಲು ಕೈ ಬರುತ್ತಿಲ್ಲ. ನೀನು ಕ್ಷೇಮವಾಗಿರುವುದು ಪೇಪರಿನಲ್ಲೇ ಬಂದಿದೆ, ಬಣ್ಣದ ಫೋಟೋ ಸಮೇತ. ಹೊಸ ಸಮವಸ್ತ್ರ, ಹಿಂದೆ ಹೊಸ ರೈಲು, ಕೈಕಟ್ಟಿ ನಿಂತ ಭಂಗಿ. ಎರಡು ಲೈನುಗಳನ್ನು ಕೂಡಿಸುವ ಹಳಿಯ ಮೇಲೆ ಸೋಮವಾರ ಮೊದಲ ರೈಲು ಓಡಿಸುವ ಚಾಲಕಿ ಇವರೇ ಎಂದು ಕೆಳಗೆ ಬರೆದಿದೆ. ನನ್ನ ಮಗಳು ಅದನ್ನು ಕತ್ತರಿಸಿ ಬಟ್ಟೆಯ ಬೀರುವಿನ ಬಾಗಿಲಿಗೆ ಅಂಟಿಸಿದ್ದಾಳೆ. ಮೂರು ದಿನದಿಂದ ನನ್ನ ಸಮವಸ್ತ್ರ ತೆಗೆಯಬೇಕಾದರೆ ಮೊದಲು ನಿನ್ನ ಮುಖ ನೋಡಬೇಕು. ಹದಿನೆಂಟು ವರ್ಷದಿಂದ ರೈಲು ಓಡಿಸುತ್ತಿರುವ, ಅವಳನ್ನು ಹೆತ್ತ ಅಮ್ಮ ಅದೇ ಮನೆಯಲ್ಲಿದ್ದಾಳೆ. ಅವಳ ಫೋಟೋ ಆ ಮನೆಯಲ್ಲಿ ಎಲ್ಲೂ ಇಲ್ಲ.

ಸುತ್ತಿಬಳಸಿ ಪ್ರಯೋಜನವಿಲ್ಲ. ನನಗೆ ಹೊಟ್ಟೆಕಿಚ್ಚು. ನಿನ್ನ ಭಾವನಿಗೂ ಅದು ಗೊತ್ತಾಗಿದೆ. ಮೊನ್ನೆ ಊಟಕ್ಕೆ ಕೂತಾಗ, "ನಿಮ್ದು ಕರೆಂಟ್ ರೈಲಲ್ವೇನೇ? ಮತ್ತೆ ಈ ಹೊಗೆ ಎಲ್ಲಿಂದ ಬರ್ತಿದೆ?" ಎಂದು ನನ್ನ ಮುಖ ನೋಡಿ ನಕ್ಕರು. ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಸಿಟ್ಟು ಬಂದದ್ದು ಅವರ ಮಾತಿಗಲ್ಲ, ಆ ಮಾತು ನಿಜವಾಗಿದ್ದಕ್ಕೆ.

ನಿನ್ನ ಗಾಡಿಯನ್ನು ನಾನು ನೋಡಿದ್ದೇನೆ. ಬೇಕಾದ ಎತ್ತರಕ್ಕೆ ಏರಿಸಿಕೊಳ್ಳುವ ಕುರ್ಚಿ, ತಣ್ಣಗಿನ ಗಾಳಿ, ಸದ್ದಿಲ್ಲದೆ ಮುಚ್ಚುವ ಬಾಗಿಲು. ನನ್ನ ಗಾಡಿಯ ಮೂರನೇ ಡಬ್ಬಿಯ ಬಾಗಿಲನ್ನು ಯಾರಾದರೂ ಒದೆಯಲೇಬೇಕು. ಒದೆಯುವವರು ಯಾರು ಎಂಬುದು ದಿನಾ ಬರುವ ಪ್ರಯಾಣಿಕರಿಗೇ ಗೊತ್ತು, ಅವರವರೇ ಸರದಿ ಮಾಡಿಕೊಂಡಿದ್ದಾರೆ. ಗಾಳಿಯಲ್ಲಿ ಸ್ವಲ್ಪ ತೇವವಿದ್ದರೆ ಸಾಕು, ನಮ್ಮ ಸಿಗ್ನಲ್ಲುಗಳಿಗೆ ನೆಗಡಿ ಬರುತ್ತದೆ. ಹೋದ ಮಂಗಳವಾರ ನಲವತ್ತು ನಿಮಿಷ ಸುರಂಗದ ಬಾಯಲ್ಲಿ ನಿಂತಿದ್ದೆ. ಒಬ್ಬ ಹಿರಿಯರು ಕ್ಯಾಬಿನ್ ಬಾಗಿಲು ಬಡಿದು, "ಏನಮ್ಮಾ, ಮಲ್ಕೊಂಡ್ಬಿಟ್ಯಾ?" ಎಂದರು. ನಿನ್ನ ಪ್ರಯಾಣಿಕರು ಇಳಿಯುವಾಗ ನಿನಗೆ ಕೈಬೀಸುತ್ತಾರಂತೆ. ಇದನ್ನು ನನಗೆ ಹೇಳಿದ್ದು ಅಮ್ಮ. "ಅವಳ ರೈಲು ಒಂದು ನಿಮಿಷ ಆಚೀಚೆ ಆಗಲ್ಲ ಕಣೇ" ಎಂದೂ ಸೇರಿಸಿದಳು. ಹಾಗೆ ಹೇಳುತ್ತ ನನ್ನ ಕಡೆ ನೋಡಿದ ರೀತಿ ಹೇಗಿತ್ತೆಂದರೆ, ಸಿಗ್ನಲ್ ಕೆಟ್ಟಿದ್ದು ನನ್ನ ಸೋಮಾರಿತನದಿಂದಲೇ ಎಂಬಂತಿತ್ತು.

ಇಷ್ಟನ್ನು ನುಂಗಿಕೊಳ್ಳುತ್ತಿದ್ದೆ. ನುಂಗಲಾಗದೆ ಹೋದದ್ದು ಆ ಒಂದೂವರೆ ಕಿಲೋಮೀಟರು.

ನನ್ನ ಲೈನು ಮುಗಿಯುವ ಜಾಗಕ್ಕೂ ನಿನ್ನದು ಶುರುವಾಗುವ ಜಾಗಕ್ಕೂ ನಡುವೆ ಹಳಿ ಇರಲಿಲ್ಲ. ನಿಲ್ದಾಣದ ನಕ್ಷೆಯಲ್ಲಿ ಮಾತ್ರ ಚುಕ್ಕೆಚುಕ್ಕೆ ಗೆರೆ ಇತ್ತು. ಹನ್ನೊಂದು ವರ್ಷ ಜನ ಅದರ ಮೇಲೆ ಬೆರಳಿಟ್ಟು ಇಟ್ಟು ಚುಕ್ಕೆಗಳೇ ಅಳಿಸಿಹೋದವು. ಟೈರ್ ಅಂಗಡಿಗಳ ಮುಂದೆ, ಅಗೆದು ಬಿಟ್ಟ ಫುಟ್‌ಪಾತಿನ ಮೇಲೆ, ಚೀಲ ಹೊತ್ತು, ಮಕ್ಕಳನ್ನು ಎಳೆದುಕೊಂಡು ಎಲ್ಲರೂ ನಡೆದರು. ನಿನ್ನ ಮನೆಯಿಂದ ನನ್ನ ಮನೆಗೆ ಬರುವಾಗಲೆಲ್ಲ ಅಮ್ಮನೂ ಆ ನೋಯುವ ಮಂಡಿ ಇಟ್ಟುಕೊಂಡು ನಡೆದಳು. ಗಡಿಯಾರ ಹಿಡಿದು ಅವಳ ಜೊತೆ ನಡೆದು, ಇಪ್ಪತ್ತಾರು ನಿಮಿಷ ಎಂದು ಬರೆದುಕೊಂಡವಳು ನಾನು. ಚಾಲಕರ ಸಹಿ ಸಂಗ್ರಹಿಸಿ ನಾಲ್ಕು ಸಲ ಮನವಿ ಕೊಟ್ಟವಳು ನಾನು. 'ಚುಕ್ಕೆ ಅಕ್ಕ' ಎಂದು ಆಡಿಕೊಂಡರೂ ಬಿಡಲಿಲ್ಲ. ಕೊನೆಗೆ ಹಳಿ ಬಂತು. ಮೊದಲ ರೈಲು ನಿನ್ನದಾಯಿತು.

ಕಾರಣ ನ್ಯಾಯವಾದದ್ದೇ. ಇನ್ನು ಮೇಲೆ ನಿಮ್ಮ ಹೊಸ ಗಾಡಿಗಳೇ ನಮ್ಮ ಲೈನಿನ ತುದಿಯವರೆಗೂ ಓಡುತ್ತವೆ, ಅವುಗಳನ್ನು ಓಡಿಸಲು ಬರುವುದು ನಿಮಗೆ ಮಾತ್ರ. ತರಬೇತಿ ಅಧಿಕಾರಿ ನನ್ನನ್ನು ಕರೆಸಿ, "ನಿಮಗೆ ಹೊಸ ಗಾಡಿ ಕಲಿಸೋದು ಮುಂದಿನ ವರ್ಷ ನೋಡೋಣ. ಸದ್ಯಕ್ಕೆ ನಿಮ್ಮ ತಂಗಿಗೆ ದಾರಿ ತೋರಿಸಿಕೊಡಿ, ಸಾಕು" ಎಂದರು. ಸಾಕು! ಚಾಲಕಿ ಕೆಲಸಕ್ಕೆ ನಿನ್ನ ಅರ್ಜಿ ತುಂಬಿದವಳು ನಾನು, ಸಂದರ್ಶನಕ್ಕೆ ನನ್ನ ಚಪ್ಪಲಿ ಹಾಕಿಸಿ ಕಳಿಸಿದವಳು ನಾನು. ಈಗ ದಾರಿ ತೋರಿಸುವುದಷ್ಟೇ ನನಗೆ ಉಳಿದದ್ದು.

ತೋರಿಸಿದೆ. ನಾಲ್ಕು ದಿನ ನನ್ನ ಕ್ಯಾಬಿನ್ನಿನಲ್ಲಿ ನಿಂತು ನೀನು ಕಲಿತೆ. ನಮ್ಮ ಕೆಲಸದ ಪದ್ಧತಿ ನಿನಗೆ ಗೊತ್ತೇ ಇದೆ: ಎಂಥ ಚಾಲಕನೇ ಆಗಲಿ, ಹೊಸ ದಾರಿಯನ್ನು ಆ ದಾರಿಯ ಹಳಬರ ಪಕ್ಕದಲ್ಲಿ ನಿಂತೇ ಕಲಿಯಬೇಕು, ಹೇಳಿದ್ದನ್ನೆಲ್ಲ ದಾರಿಪುಸ್ತಕದಲ್ಲಿ ತನ್ನ ಕೈಯಿಂದ ಬರೆಯಬೇಕು, ಕಲಿಸಿದವರು ಪುಟಪುಟಕ್ಕೂ ಸಹಿ ಹಾಕಬೇಕು. ಮರದ ಹಿಂದೆ ಅಡಗುವ ಸಿಗ್ನಲ್ ತೋರಿಸಿದೆ. ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುವ ತಿರುವು ತೋರಿಸಿದೆ. ಶಾಲೆ ಬಿಡುವ ಹೊತ್ತಿಗೆ ಎಲ್ಲಿ ಹಾರ್ನ್ ಹಾಕಬೇಕೆಂದು ಹೇಳಿದೆ. ಎಲ್ಲಕ್ಕೂ ನೀನು "ಹೂಂ ಅಕ್ಕಾ" ಅಂದೆ.

ಒಂದನ್ನು ಹೇಳಲಿಲ್ಲ.

ಗೋದಾಮಿನ ಸ್ಟೇಷನ್ನಿಗೆ ಮುಂಚಿನ ಇಳಿಜಾರು. ಎಡಗಡೆಯ ಕಲ್ಲುಗೋಡೆಯಿಂದ ವರ್ಷವಿಡೀ ನೀರು ಜಿನುಗಿ ಹಳಿಯ ಮೇಲೆ ಹರಿಯುತ್ತದೆ. ನಾವು ಅದನ್ನು ಜಾರುಬಂಡೆ ಎನ್ನುತ್ತೇವೆ. ನಿಯಮದ ಪ್ರಕಾರ ಹಳದಿ ಫಲಕದ ಹತ್ತಿರ ಬ್ರೇಕು ಹಿಡಿದರೆ ಗಾಲಿ ಜಾರಿ ಗಾಡಿ ಪ್ಲಾಟ್‌ಫಾರ್ಮ್ ದಾಟಿ ಅರ್ಧ ಡಬ್ಬಿ ಮುಂದೆ ಹೋಗಿ ನಿಲ್ಲುತ್ತದೆ. ಯಾರಿಗೂ ಪೆಟ್ಟಾಗುವುದಿಲ್ಲ. ಆದರೆ ಮುಂದಿನ ಬಾಗಿಲು ಗೋಡೆಗೆ ಎದುರಾಗುತ್ತದೆ, ಹಿಂದೆ ತರಲು ಅಪ್ಪಣೆ ಬೇಡಬೇಕು, ಪ್ಲಾಟ್‌ಫಾರ್ಮಿನ ತುಂಬ ಜನ ನೋಡುತ್ತಿರುತ್ತಾರೆ. ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲಿ ನನಗೆ ಹಾಗಾಗಿತ್ತು. ಶಿಳ್ಳೆ ಹೊಡೆದಿದ್ದರು. ಸೋಮವಾರ ಅದೇ ಸ್ಟೇಷನ್ನಿನಲ್ಲಿ ಹಾರ ಹಿಡಿದ ದೊಡ್ಡವರು, ಕ್ಯಾಮೆರಾದವರು ನಿಂತಿರುತ್ತಾರೆ ಎಂದು ಗೊತ್ತಿತ್ತು. ಅವರ ಮುಂದೆ ನೀನು ಅರ್ಧ ಡಬ್ಬಿ ಜಾರಲಿ ಎನಿಸಿತು. ಅರ್ಧವೇ ಅರ್ಧ. ಇಳಿಜಾರು ಬಂದಾಗಲೆಲ್ಲ ನಿನ್ನನ್ನು ಮಾತಿಗೆಳೆದು, ನನ್ನ ಕೈ ನಿನ್ನ ಕಣ್ಣಿಗೆ ಬೀಳದ ಹಾಗೆ ನಿಂತು ಬ್ರೇಕು ಹಿಡಿದೆ. ಒಂದು ಸಲವಲ್ಲ, ನಾಲ್ಕು ದಿನವೂ.

ನಿನ್ನೆ ಅಮ್ಮ ನಿನ್ನ ದಾರಿಪುಸ್ತಕವನ್ನು ಸಹಿಗೆಂದು ತಂದುಕೊಟ್ಟಳು. ಸೊಸೆಯನ್ನು ಗದರುವ ಅತ್ತೆಯ ಹಾಗೆ ನಾನು ಗದರಿದ್ದನ್ನೂ ಬಿಡದೆ ಬರೆದಿದ್ದೀಯ: 'ಇಲ್ಲಿ ಅಕ್ಕ ಬೈದಳು. ಸರಿಯಾಗೇ ಬೈದಳು.' ನಗು ಬಂತು. ಸಹಿ ಹಾಕುತ್ತ ಹಾಕುತ್ತ ಹದಿನೇಳನೇ ಪುಟಕ್ಕೆ ಬಂದೆ. ಗೋದಾಮಿನ ಇಳಿಜಾರಿನ ಪುಟ. ಅಲ್ಲಿ ಒಂದೇ ಸಾಲಿತ್ತು: 'ಇಲ್ಲಿ ಅಕ್ಕ ಏನೂ ಹೇಳಲಿಲ್ಲ. ಹಾಗಾದರೆ ಇಲ್ಲಿ ಏನೂ ಇಲ್ಲ.'

ಗುಬ್ಬೀ, ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ನೀನು ಅನುಮಾನಪಟ್ಟು ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆ, ಆಮೇಲೆ ನೆಮ್ಮದಿಯಾಗಿ ನಿದ್ದೆಯನ್ನೂ ಮಾಡುತ್ತಿದ್ದೆ. ಕೇಳದೆ ನಂಬಿಬಿಟ್ಟೆಯಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ.

ಈಗ ಗಮನವಿಟ್ಟು ಓದು. ಹಳದಿ ಫಲಕವನ್ನು ನಂಬಬೇಡ. ಅದಕ್ಕೂ ಮೂರು ಕಂಬ ಮೊದಲೇ ಬ್ರೇಕನ್ನು ಮೆಲ್ಲಗೆ ಹಿಡಿ. ಗೋಡೆ ಶುರುವಾದೊಡನೆ ಸ್ವಲ್ಪ ಸಡಿಲಿಸು, ಗಾಲಿಗೆ ಹಿಡಿತ ಸಿಗಲಿ. ಗೋಡೆ ಮುಗಿದ ಮೇಲೆ ಪೂರ್ತಿ ಹಿಡಿ. ಓದಿದರೆ ಇದು ಬರುವುದಿಲ್ಲ, ಕೈಗೇ ಬರಬೇಕು. ಶನಿವಾರ ಬೆಳಿಗ್ಗೆ ಹತ್ತೂ ಇಪ್ಪತ್ತರ ಗಾಡಿಗೆ ಬಾ. ನನ್ನ ಕೈಯ ಮೇಲೆ ನಿನ್ನ ಕೈ ಇಟ್ಟು ನೋಡು. ಹೊಸ ಗಾಡಿಯಲ್ಲಿ ಅದೇ ಹದ ಹೇಗೆ ತರುವುದೆಂದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ ನೋಡು.

ಸೋಮವಾರ ಚಪ್ಪಾಳೆ ತಟ್ಟಲು ನಾನು ಬರುವುದಿಲ್ಲ. ಡ್ಯೂಟಿ ಇದೆ. ಇಲ್ಲದಿದ್ದರೂ ಬರುತ್ತಿರಲಿಲ್ಲ. ಅಮ್ಮನೂ ನನ್ನ ಮಗಳೂ ನಿನ್ನ ಗಾಡಿಯಲ್ಲೇ ಬರುತ್ತಾರೆ. ಅಮ್ಮ ಆ ಒಂದೂವರೆ ಕಿಲೋಮೀಟರನ್ನು ಕೂತು ದಾಟುವಾಗ ಅವಳ ಮುಖ ಹೇಗಿತ್ತೆಂದು ಇಳಿದ ಮೇಲೆ ಮಗಳನ್ನು ಕೇಳಿಕೊಳ್ಳುತ್ತೇನೆ. ನಿನ್ನ ಗಾಡಿ ಎಲ್ಲ ಸ್ಟೇಷನ್ನಿನಲ್ಲೂ ಗುರುತಿನ ಮೇಲೇ ನಿಲ್ಲಲಿ, ಒಂದು ಗೇಣೂ ಆಚೀಚೆ ಆಗದಿರಲಿ. ಇದನ್ನು ಹಲ್ಲುಕಚ್ಚಿ ಹರಸುತ್ತಿದ್ದೇನೆ, ಆದರೆ ಮನಸಾರೆ.

ಪುಸ್ತಕ ಈ ಪತ್ರದ ಜೊತೆಗಿದೆ. ಶನಿವಾರ ಮಧ್ಯಾಹ್ನ ಅದನ್ನು ತರಬೇತಿ ಅಧಿಕಾರಿಗೆ ಕೊಡಬೇಕು, ಅವರು ಒಂದೊಂದು ಪುಟವನ್ನೂ ಓದುವವರು. ಹದಿನೇಳನೇ ಪುಟದ ನಿನ್ನ ಸಾಲನ್ನು ನಾನು ಹೊಡೆದುಹಾಕಿಲ್ಲ. ಅದರ ಕೆಳಗೆ, 'ಇತ್ತು. ಗೊತ್ತಿದ್ದೂ ಹೇಳಲಿಲ್ಲ' ಎಂದು ಬರೆದು ಸಹಿ ಹಾಕಿದ್ದೇನೆ. ಇನ್ನು ಮುಂದೆ ಯಾರಿಗೂ ಕಲಿಸಲು ನನ್ನನ್ನು ಬಿಡಲಿಕ್ಕಿಲ್ಲ. ನೀನು ಆ ಹಾಳೆ ಹರಿಯುವವಳೇ ಎಂದು ಗೊತ್ತು. ಹರಿಯಬೇಡ. ಪುಟಗಳಿಗೆ ನಂಬರು ಹಾಕಿದ್ದಾರೆ.

ಹೋಗಿ ಬಾ ಗುಬ್ಬಿ.

ನಿನ್ನನ್ನು ಕಂಡು ಇನ್ನೂ ಹೊಟ್ಟೆ ಉರಿದುಕೊಳ್ಳುತ್ತಿರುವ
ನಿನ್ನ ಅಕ್ಕ