ನಿರ್ದೇಶಕನ ಪೂರ್ತಿ ಹೆಸರು

ಕೊಲ್ಹಾಪುರ, ೧೯೩೩

ತೀರ್ಥರೂಪ ಬಾಬಾ ಅವರಿಗೆ ದಿನಕರನ ನಮಸ್ಕಾರಗಳು.

ಮೂಕಿ ಚಿತ್ರಗಳಲ್ಲಿ ನಾನು ಸೀರೆಯುಟ್ಟು ನಾಯಕಿಯಾಗುತ್ತಿದ್ದ ಕಾಲ ಮುಗಿಯಿತು. ಮಾತಾಡುವ ಚಿತ್ರ, ಟಾಕಿ, ಬಂದ ಮೇಲೆ ನನ್ನ ಗಂಡುದನಿ ಕೇಳಿ ಎಲ್ಲರೂ ನಕ್ಕರು. ಚಿತ್ರ ಕಂಪನಿಯ ಮಾಲೀಕರು ನನ್ನನ್ನೀಗ ನಿರ್ದೇಶಕನನ್ನಾಗಿ ಮಾಡಿದ್ದಾರೆ.

ಮೊನ್ನೆ ತಾಯಿಯ ಪಾತ್ರದ ಹುಡುಗಿ ಕೇಳಿದಳು: "ದಾದಾ, ಮಗನನ್ನ ಮನೆಯಿಂದ ಹೊರಗೆ ಹಾಕಿದಾಗ ತಾಯಿ ಹೇಗೆ ಅಳ್ತಾಳೆ?"

"ಅಳಲ್ಲಮ್ಮ. ಅವನ ತಟ್ಟೆ ತೊಳೀತಾ ಕೂರ್ತಾಳೆ," ಎಂದು ಕೂತು ತೋರಿಸಿದೆ. ಹೆಣ್ಣುವೇಷ ಹಾಕಿದ್ದಕ್ಕೆ ನೀವು ನನ್ನನ್ನು ಹೊರಹಾಕಿದ ದಿನ ಅಂಗಳದಿಂದ ತಿರುಗಿ ನೋಡಿದಾಗ ಆಯಿ ಹಾಗೇ ಕೂತಿದ್ದಳು.

ಈ ಚಿತ್ರ ನಿಮ್ಮೂರು ಸಾಂಗ್ಲಿಗೆ ಬಂದಾಗ ಅವಳನ್ನು ಕರೆದುಕೊಂಡು ಹೋಗಿ. ಅವಳಿಗೆ ಓದು ಬಾರದು. ಶುರುವಿನಲ್ಲಿ ಬರುವ ಹೆಸರುಗಳನ್ನು ನೀವೇ ಓದಿ ಹೇಳಬೇಕು. ಹೆಣ್ಣುವೇಷದ ಕಾಲದಲ್ಲಿ ನಿಮಗೆ ಮುಜುಗರವಾಗದಿರಲೆಂದು ಬರೀ ದಿನಕರ ಎಂದು ಹಾಕಿಸುತ್ತಿದ್ದೆ. ಈ ಸಲ ನನ್ನ ಹೆಸರಿನ ಜೊತೆ ನಿಮ್ಮ ಹೆಸರನ್ನೂ ಮನೆತನದ ಹೆಸರನ್ನೂ ಸೇರಿಸಿದ್ದೇನೆ. ಬೇಡವೆಂದರೆ ಬೇಗ ತಿಳಿಸಿ, ತೆಗೆಸುತ್ತೇನೆ.

ನಿಮ್ಮ ಮಗ,
ದಿನಕರ ಸದಾಶಿವ ಜಾಂಭಳೆ